ಕೊಡಲಿಯವಳ ಹಿಂದೆ

ಏಳು ಕಣಿವೆಗಳ ಆ ಕಂಪ್ಯೂಟರ್ ಆಟದಲ್ಲಿ ರಿಹಾಬ್ ಆಳೆತ್ತರಕ್ಕಿಂತ ಎತ್ತರದ ಕೊಡಲಿಗಾರ್ತಿ. ಅವಳ ಗಂಡ ನವ್ವಾಫ್ ಮದ್ದಿನ ಚೀಲ ಹೊತ್ತ ಕುಳ್ಳ ವೈದ್ಯ. ಅವಳು ಮುಂದೆ ನುಗ್ಗಿ ಹೊಡೆಯಬೇಕು, ಅವನು ಹಿಂದೆ ನಿಂತು ಅವಳ ಗಾಯ ಮಾಯಿಸಬೇಕು. ಇಬ್ಬರ ಒಪ್ಪಂದ ಇಷ್ಟೇ. ವರ್ಷಗಳಿಂದ ಆಡುತ್ತಿದ್ದರೂ ಇಬ್ಬರೂ ದೊಡ್ಡ ಆಟಗಾರರೇನೂ ಆಗಿರಲಿಲ್ಲ. ಕೋಟೆ ಮುತ್ತುವ ದಂಡುಗಳಿಗೆ ಸೇರಲಿಲ್ಲ, ಹೆಸರು ಮೇಲೇರಲಿ ಎಂದು ಹಟ ತೊಡಲಿಲ್ಲ. ಸಂಜೆ ಕೆಲಸದಿಂದ ಬಂದು ಗ್ಯಾಸ್ ಹೀಟರಿನ ಪಕ್ಕ ಒಂದೇ ಸೋಫಾದಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಹೊಳೆ ದಾಟುವುದು, ನಾಲ್ಕು ಮೀನು ಹಿಡಿಯುವುದು, ತೋಳ ಬಂದರೆ ಹೊಡೆಯುವುದು. ಆಮೇಲೆ ಊಟ.

ರಿಹಾಬ್ ಕರಕ್ ಊರಿನ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ನವ್ವಾಫ್ ಹುಡುಗರ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಹಿರಿಯರು ನೋಡಿ ಮಾಡಿದ ಮದುವೆ. ಹೊಸದರಲ್ಲಿ ಇಬ್ಬರಿಗೂ ಮಾತಿಗೆ ಬರ. "ಚಹಾ ಬೇಕಾ?" ಎಂದು ಒಬ್ಬರು, "ಸಾಕು" ಎಂದು ಇನ್ನೊಬ್ಬರು, ಅಲ್ಲಿಗೆ ದಿನ ಮುಗಿಯುತ್ತಿತ್ತು. ಈ ಆಟ ಮನೆಗೆ ಬಂದ ಮೇಲೆ, "ಹೆದರಿಕೆ ಆಗ್ತಿದೆ ರಿಹಾಬ್, ನೀನೇ ಮುಂದೆ ಹೋಗು" ಎಂದು ನಾಚಿಕೆಯಿಲ್ಲದೆ ಹೇಳಬಲ್ಲ ಗಂಡಸನ್ನು ಅವಳು ಕಂಡಳು. ಗಟ್ಟಿ ದನಿಯಲ್ಲಿ ಅಪ್ಪಣೆ ಕೊಡಬಲ್ಲ ಹೆಂಗಸನ್ನು ಅವನು ಕಂಡ. ಗಟ್ಟಿ ಸಕ್ಕರೆ ಪಾಕಕ್ಕೆ ಒಂದು ಹರಳು ಬಿದ್ದ ಹಾಗೆ ಆ ಸಂಜೆಗಳ ಸುತ್ತ ಮಿಕ್ಕ ಸಂಸಾರವೆಲ್ಲ ತಾನಾಗಿ ಕೂಡಿಕೊಂಡಿತು.

ಕಿಡಿ ಹತ್ತಿದ್ದು ನವ್ವಾಫನ ದೊಡ್ಡಪ್ಪನ ಮಗ ಸತ್ತಾಮ್‌ನಿಂದ. ಅವನೂ ಅದೇ ಆಟ ಆಡುತ್ತಿದ್ದ, ಆದರೆ ಕೋಟೆ ಮುತ್ತುವವರ ಪೈಕಿ. ಒಂದು ಸಂಜೆ ಅವನ ದಂಡು ಇವರ ಹೊಳೆಯ ದಡಕ್ಕೇ ಬಂದಿಳಿಯಿತು. ಮೈಕು ತೆರೆದೇ ಇತ್ತು. ಅದೇ ಹೊತ್ತಿಗೆ ಜೊಂಡಿನಿಂದ ತೋಳವೊಂದು ಹಾರಿತು. ರಿಹಾಬ್ ಅಭ್ಯಾಸದಂತೆ ಕೂಗಿದಳು: "ನನ್ನ ಹಿಂದೆ ನಿಂತ್ಕೊಳ್ಳೋ ನವ್ವಾಫ್! ಸಾಯ್ತೀಯ ಕತ್ತೆ!"

ದಂಡಿನವರೆಲ್ಲ ಕರಕ್‌ನ ಹುಡುಗರೇ. ವಾರ ಕಳೆಯುವುದರೊಳಗೆ ನವ್ವಾಫ್ ರೊಟ್ಟಿ ಅಂಗಡಿಗೆ ಹೋದರೆ, "ಹಿಂದೆ ನಿಂತ್ಕೊಳ್ಳಿ ಮೇಷ್ಟ್ರೇ, ಮುಂದೆ ಹೆಂಗಸರಿದಾರೆ" ಎಂದು ಸಾಲಿನಲ್ಲಿದ್ದವರು ನಗುವಂತಾಯಿತು. ಅವನೂ ನಕ್ಕು ರೊಟ್ಟಿ ತಂದ. ಮನೆಗೆ ಬಂದು ಹೇಳಿದಾಗ ರಿಹಾಬ್ ಕೂಡ ನಕ್ಕಳು. ನಕ್ಕು ಮರೆಯುವ ವಿಷಯ ಎಂದೇ ಇಬ್ಬರೂ ಅಂದುಕೊಂಡಿದ್ದರು.

ಅದಾದ ಸ್ವಲ್ಪ ದಿನಕ್ಕೆ ಸತ್ತಾಮ್‌ನ ತಂದೆ, ದೊಡ್ಡಪ್ಪ ಅಬು ಸತ್ತಾಮ್‌ನಿಂದ ಫೋನು ಬಂತು. ನಾಲ್ಕು ಜನ ಹಿರಿಯರೊಂದಿಗೆ ಬರುತ್ತಿದ್ದೇನೆ, ಮನೆಯಲ್ಲಿರು ಎಂದ. ನವ್ವಾಫನ ತಂದೆ ತೀರಿಹೋದ ಮೇಲೆ ಮನೆತನಕ್ಕೆ ಅವನೇ ಹಿರಿಯ. ಹಿರಿಯರು ಗುಂಪು ಕಟ್ಟಿಕೊಂಡು ಒಂದು ಮನೆಗೆ ಬಂದರೆ ಒಂದೋ ಕೊಲೆಯ ರಾಜಿಗೆ, ಇಲ್ಲವೇ ಹೆಣ್ಣು ಕೇಳುವುದಕ್ಕೆ. ಕೊಲೆಯಂತೂ ಆಗಿರಲಿಲ್ಲ. ಅವರ ಜೊತೆಗೇ ಇದ್ದ ನವ್ವಾಫನ ತಂಗಿ ಸಮಾಹ್‌ಳನ್ನು ಮಾದಬಾ ಕಡೆಯ ಔಷಧದಂಗಡಿಯವರು ಕೇಳುತ್ತಾರಂತೆ ಎಂಬ ಮಾತು ಮಾತ್ರ ತಿಂಗಳಿಂದ ಗಾಳಿಯಲ್ಲಿತ್ತು.

"ಅದೇ ಕಣೇ! ಅವರ ಪರವಾಗಿ ಬರ್ತಿದಾರೆ!" ಎಂದು ನವ್ವಾಫ್ ಕೋಟು ಹುಡುಕಲು ಓಡಿದ. ಸಮಾಹ್ ಕನ್ನಡಿ ಮುಂದೆ ಕೂತಳು. ರಿಹಾಬ್ ದೊಡ್ಡ ತಟ್ಟೆ ತುಂಬ ಕುನಾಫಾ ಸಿಹಿ ತರಿಸಿ, ಬಿಸಿ ಆರದಂತೆ ಬಟ್ಟೆ ಮುಚ್ಚಿ, ಗಂಡಸರ ಕೋಣೆಯ ಬಾಗಿಲ ಹಿಂದೆ ನಿಂತಳು.

ಒಳಗೆ ಕುಶಲ ಕೇಳಿದ್ದಾಯಿತು, ಮಳೆಯ ಮಾತಾಯಿತು. ನವ್ವಾಫ್ ಏಲಕ್ಕಿ ಹಾಕಿದ ಕಹಿ ಕಾಫಿಯನ್ನು ಚಿಕ್ಕ ಬಟ್ಟಲಿಗೆ ಬಗ್ಗಿಸಿ ದೊಡ್ಡಪ್ಪನ ಕೈಗಿತ್ತ. ಮುದುಕ ಅದನ್ನು ತುಟಿಗೆ ತಾಗಿಸಲಿಲ್ಲ. ತನ್ನ ಮುಂದೆ ನೆಲದ ಮೇಲಿಟ್ಟ. ಕೇಳಲು ಬಂದದ್ದು ಸಿಗುವ ತನಕ ನಿನ್ನ ಕಾಫಿ ಕುಡಿಯೆ ಎಂದು ಅದರರ್ಥ. ಬಟ್ಟಲು ಆರುವ ಮುನ್ನ ಉತ್ತರ ಕೊಡದಿದ್ದರೆ ಮನೆಯ ಮಾನ ಆರಿದಂತೆ. ಉದಾರಿಗಳಾದವರು ಬೇಡಿಕೆ ಏನೆಂದು ಕೇಳುವ ಮೊದಲೇ ಒಪ್ಪಿಬಿಡುತ್ತಾರೆ.

ನವ್ವಾಫ್ ಅಂದು ಉದಾರಿಯಾಗಿದ್ದ.

"ಕುಡೀರಿ ದೊಡ್ಡಪ್ಪ, ಕುಡೀರಿ! ಬಂದ ಕೆಲಸ ಆಯ್ತು ಅಂತಲೇ ತಿಳ್ಕೊಳ್ಳಿ. ನೀವು ಕೇಳೋದು, ನಾನು ಇಲ್ಲ ಅನ್ನೋದು ಉಂಟಾ?"

"ಬದುಕಿದೆ ಕಣಪ್ಪ" ಎಂದು ಮುದುಕ ಒಂದೇ ಗುಟುಕಿಗೆ ಕುಡಿದ. ಮಿಕ್ಕವರೂ ಕುಡಿದರು. ಬಾಯಿ ಒರೆಸಿಕೊಂಡ ಮೇಲೆ ಹೇಳಿದ: "ನಿನ್ನ ಹೆಂಡತಿ ಆ ಆಟ ಬಿಡಬೇಕು. ನಮ್ಮ ಮನೆ ಹೆಣ್ಣಿನ ದನಿ ಊರ ಹುಡುಗರ ಕಿವಿಗೆ ಬೀಳೋದು ಒಂದು. ಅದಕ್ಕಿಂತ ಹೆಚ್ಚಾಗಿ, ನನ್ನ ತಮ್ಮನ ಮಗ ಹೆಂಗಸಿನ ಹಿಂದೆ ಅಡಗ್ತಾನೆ ಅಂತ ಊರು ನಗೋದು ಇನ್ನೊಂದು. ನೀನು ಆಡ್ಕೋ, ಬೇಡ ಅನ್ನಲ್ಲ. ಗಂಡಸಿನ ಹಾಗೆ ಆಡು."

ಬಾಗಿಲ ಹಿಂದೆ ರಿಹಾಬ್ ಗಂಡನ ಮಾತಿಗಾಗಿ ಕಾದಳು. ಕೇಳಿಸಿದ್ದು ಅವನು ಖಾಲಿ ಬಟ್ಟಲುಗಳನ್ನು ಒಟ್ಟುಮಾಡುವ ಸದ್ದು. ಕಾಫಿ ಕುಡಿದಾಗಿತ್ತು. ಅವಳು ಕುನಾಫಾ ತಟ್ಟೆಯನ್ನು ಹಾಗೆಯೇ ಅಡಿಗೆಮನೆಗೆ ಹೊತ್ತೊಯ್ದಳು. "ನನ್ನ ಕೇಳೋಕೆ ಬಂದಿದ್ದಲ್ವಾ?" ಎಂದಳು ಸಮಾಹ್.

"ಅಲ್ಲ. ನನ್ನ ಕೊಡಲಿ ಕೇಳೋಕೆ ಬಂದಿದ್ರು. ನಿಮ್ಮಣ್ಣ ಕೊಟ್ಟುಬಿಟ್ಟ. ತಿನ್ನು, ಬಿಸಿ ಇದೆ."

ಹಿರಿಯರು ಹೋದ ಮೇಲೆ ನವ್ವಾಫ್ ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತ.

"ಮಾತು ಕೊಟ್ಟೆ ರಿಹಾಬ್."

"ಕೇಳಿಸ್ತು."

"ಸಮಾಹ್ ವಿಷಯ ಅಂದ್ಕೊಂಡೆ."

"ಸಮಾಹ್ ವಿಷಯ ಆಗಿದ್ರೂ ಅವಳನ್ನ ಒಂದು ಮಾತು ಕೇಳ್ದೆ ಕೊಟ್ಟುಬಿಡ್ತಿದ್ದೆ. ಅಷ್ಟೇ ತಾನೆ?"

ಬಾಯಿ ತುಂಬ ಕುನಾಫಾ ಇಟ್ಟುಕೊಂಡಿದ್ದ ಸಮಾಹ್ ಅಣ್ಣನನ್ನು ನೋಡಿದ ನೋಟಕ್ಕೆ ಅವನು ಕಣ್ಣು ತಗ್ಗಿಸಿದ. ಆಮೇಲೆ ಲೆಕ್ಕ ಬಿಡಿಸುವ ಮೇಷ್ಟರ ದನಿಯಲ್ಲಿ ಒಂದು ದಾರಿ ತೆಗೆದ. "ಹೀಗೆ ಮಾಡೋಣ. ಮೈಕು ಮುಚ್ಚಿಟ್ಟು ಆಡು. ಹೆಸರು ಬದಲಾಯಿಸ್ಕೋ. ಕೊಡಲಿಯವಳನ್ನ ಬಿಟ್ಟು ಯಾರಾದ್ರೂ ಗಡ್ಡದವನನ್ನ ತಗೋ. ಯಾರಿಗೆ ಗೊತ್ತಾಗತ್ತೆ? ಮಾತೂ ಉಳೀತು, ಆಟಾನೂ ಉಳೀತು."

"ನಾನೇನು ಕದ್ದಿದೀನಾ, ಕದ್ದು ಆಡೋಕೆ? ಮಾತು ನೀನು ಕೊಟ್ಟಿದ್ದು, ನೀನು ಉಳಿಸ್ಕೋ. ನಿನ್ನ ಕೈಲಿಲ್ಲದ್ದನ್ನ ಕೊಟ್ಟೆ. ಪಕ್ಕದ ಮನೆಯವರ ಕುರಿ ತೋರಿಸಿ, ಇದನ್ನ ಕಡೀರಿ ಅಂದ ಹಾಗೆ."

"ಕಾಫಿ ಕುಡಿದ ಮೇಲೆ ಮಾತು ಹಿಂದೆ ತಗೊಂಡವನನ್ನ ಈ ಊರಲ್ಲಿ ಯಾರೂ ಮನುಷ್ಯ ಅನ್ನಲ್ಲ ಕಣೆ."

"ಹಿಂದೆ ತಗೋ ಅಂತ ನಾನು ಅಂದ್ನಾ? ನಾನು ಆಡ್ತೀನಿ ಅಂದೆ. ನೀನು ಬೇಕಾದ್ದು ಮಾಡು."

ಅವಳು ಆಡಿದಳು. ಮರುಸಂಜೆಯೇ, ಅದೇ ಸೋಫಾದಲ್ಲಿ, ಅದೇ ಹೆಸರಿನಲ್ಲಿ, ಮೈಕು ತೆರೆದಿಟ್ಟು. ನವ್ವಾಫ್ ತನ್ನ ಲ್ಯಾಪ್‌ಟಾಪ್ ಮುಚ್ಚಿಕೊಂಡು ಪಕ್ಕದಲ್ಲಿ ಕೂತ. ದೊಡ್ಡಪ್ಪ ಅವನಿಗೆ ಆಡಲು ಬಿಟ್ಟಿದ್ದರೂ, ಅವಳಿಗೆ ಬೇಡ ಅಂದದ್ದು ತನಗೂ ಬೇಡ ಎನ್ನುವಷ್ಟು ಅವನಿಗೂ ತಿಳಿದಿತ್ತು. ಆದರೆ ವೈದ್ಯನಿಲ್ಲದ ಕೊಡಲಿಗಾರ್ತಿ ಎಷ್ಟು ಹೊತ್ತು ನಿಂತಾಳು? ತೋಳಗಳು ಅವಳನ್ನು ಹೊಳೆಯ ಈಚೆ ದಡದಲ್ಲೇ ಕೆಡವಿದವು. ಅವಳು ಎದ್ದು ಮತ್ತೆ ಹೋದಳು. ಮತ್ತೆ ಕೆಡವಿದವು.

"ಎಡಕ್ಕೆ, ಎಡಕ್ಕೆ ಸರಿ!" ಎಂದ ನವ್ವಾಫ್, ತಡೆಯಲಾರದೆ.

"ಮಾತು ಕೊಟ್ಟೋರು ಸುಮ್ನೆ ಕೂತ್ಕೋಬೇಕು."

ದಿನಗಳು ಹೀಗೇ ಹೋದವು. ಸತ್ತಾಮ್‌ನ ಹುಡುಗರು ದಡದ ಮೇಲೆ ಸಾಲಾಗಿ ನಿಂತು ಅವಳು ಬೀಳುವುದನ್ನು ನೋಡತೊಡಗಿದರು. ಒಬ್ಬ ಸೀಟಿ ಹಾಕಿದ. "ಎಲ್ಲಮ್ಮಾ ನಿಮ್ಮ ಡಾಕ್ಟ್ರು? ರಜಾನಾ?" ಎಂದ ಇನ್ನೊಬ್ಬ. ರಿಹಾಬ್ ಮೈಕು ಮುಚ್ಚಲಿಲ್ಲ. ಎದ್ದಳು, ಕೊಡಲಿ ಎತ್ತಿಕೊಂಡಳು, ಜೊಂಡಿನ ಕಡೆಗೆ ನಡೆದಳು. ಅಭ್ಯಾಸವಾದ ಕೀಲಿಗಳನ್ನೇ ತಪ್ಪಿ ತಪ್ಪಿ ಒತ್ತುತ್ತಿದ್ದಳು. ಅದನ್ನು ನವ್ವಾಫ್ ನೋಡಿದ. ತೋಳಕ್ಕೆ ಅವಳು ಎಂದೂ ಹೆದರಿದವಳಲ್ಲ. ಆಟದ ಯಾವ ಹೊಡೆತಕ್ಕೂ ಅವಳು ಕೀಲಿ ತಪ್ಪಿದ್ದನ್ನು ಅವನು ಕಂಡಿರಲಿಲ್ಲ.

ಅವನು ತನ್ನ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿದ.

"ಬೇಡ" ಎಂದಳು ರಿಹಾಬ್, ಪರದೆಯಿಂದ ಕಣ್ಣು ತೆಗೆಯದೆ. "ಅಲ್ಲಿ ಒಂದು, ಇಲ್ಲಿ ಒಂದು ಮಾಡ್ಬೇಡ. ಮೊದಲು ದೊಡ್ಡಪ್ಪನ ಹತ್ರ ಹೋಗಿ ಹೇಳು. ಆಮೇಲೆ ಇದನ್ನ ತೆರಿ."

ಶುಕ್ರವಾರದ ಮಧ್ಯಾಹ್ನ ಮನೆತನದವರೆಲ್ಲ ಅಬು ಸತ್ತಾಮ್‌ನ ಮನೆಯಲ್ಲಿ ಊಟಕ್ಕೆ ಸೇರುವುದು ವಾಡಿಕೆ. ಅಂದು ಊಟ ಮುಗಿದು, ಕೈ ತೊಳೆದು, ಗಂಡಸರು ಗೋಡೆಗುಂಟ ಮೆತ್ತೆಗೆ ಒರಗಿದ್ದರು. ರಿಹಾಬ್ ಹೆಂಗಸರ ಕೋಣೆಯಿಂದ ಎದ್ದು ಬಂದು ಗಂಡಸರ ಬಾಗಿಲಲ್ಲಿ ನಿಂತಳು. ಒಳಕ್ಕೆ ಹೋಗಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ.

"ಏನಮ್ಮ?" ಎಂದ ಅಬು ಸತ್ತಾಮ್.

"ನವ್ವಾಫ್ ಒಂದು ಮಾತು ಹೇಳೋನಿದಾನೆ ದೊಡ್ಡಪ್ಪ. ಹೇಳದಿದ್ರೆ ನಾನು ಹೇಳ್ತೀನಿ."

ನವ್ವಾಫ್ ಎದ್ದುನಿಂತ. "ನಾನೇ ಹೇಳ್ತೀನಿ. ದೊಡ್ಡಪ್ಪ, ಅವತ್ತು ನಾನು ಕೊಟ್ಟ ಮಾತು ನನ್ನದಲ್ಲ. ಅವಳದು. ಅವಳನ್ನ ಕೇಳದೆ ಕೊಟ್ಟೆ. ಹಾಗಾಗಿ ಅದನ್ನ ಹಿಂದೆ ತಗೋತಾ ಇದೀನಿ. ಅವಳು ಆಡ್ತಾಳೆ. ನಾನೂ ಅವಳ ಜೊತೆ ಆಡ್ತೀನಿ."

ಯಾರೋ ಜಪಮಣಿ ಎಣಿಸುತ್ತಿದ್ದವರು ನಿಲ್ಲಿಸಿದರು. ಮೂಲೆಯಿಂದ ಸತ್ತಾಮ್ ಎಳೆದ ರಾಗದಲ್ಲಿ ಅಂದ: "ಹಿಂದೇನೇ ನಿಂತ್ಕೋತೀಯಾ, ನವ್ವಾಫ್?"

"ಹೌದು ಕಣೋ, ಹಿಂದೇನೇ. ಅವಳ ಹಿಂದೆ ನಿಂತವನು ಇವತ್ತಿಗೂ ಒಂದು ಸಲಾನೂ ಸತ್ತಿಲ್ಲ. ನೀನು ಮೊನ್ನೆ ಕೋಟೆ ಬಾಗಿಲಲ್ಲಿ ಸತ್ತಿದ್ದು ಅವಳ ಪರದೆ ಮೇಲೆ ನನಗೆ ಕಾಣಿಸ್ತು. ಎಷ್ಟು ಸಲ ಅಂತ ಇಲ್ಲಿ ಹೇಳ್ಲಾ?"

ಹಲ್ಲಿಲ್ಲದ ಒಬ್ಬ ಮುದುಕ ಕಿಸಕ್ಕನೆ ನಕ್ಕು, ಕೆಮ್ಮಿದಂತೆ ಮಾಡಿದ. ಅಬು ಸತ್ತಾಮ್ ನಗಲಿಲ್ಲ.

"ನಿಮ್ಮಪ್ಪ ಬದುಕಿರಬೇಕಿತ್ತು."

"ಇದ್ದಿದ್ರೆ ಅಪ್ಪನಿಗೂ ಇದನ್ನೇ ಹೇಳ್ತಿದ್ದೆ ದೊಡ್ಡಪ್ಪ. ಇದಕ್ಕಿಂತ ಜಾಸ್ತಿ ಹೆದರ್ಕೊಂಡು."

"ಈ ಮನೇಲಿ ನಿನಗೆ ಊಟ ಇದೆ. ಊಟ ಇಲ್ಲ ಅನ್ನೋದು ನಮ್ಮಲ್ಲಿಲ್ಲ" ಎಂದ ಮುದುಕ, ಒಂದೊಂದೇ ಪದ ತೂಗಿ. "ಕಾಫಿ ಮಾತ್ರ ಇಲ್ಲ. ಕಾಫಿ ಮಾತು ಉಳಿಸೋರಿಗೆ."

ಕಾಫಿ ಹೂಜಿ ಹಿಡಿದವನು ಬಲಗಡೆಯಿಂದ ಬಗ್ಗಿಸುತ್ತ ಬಂದ. ನವ್ವಾಫನ ಮುಂದೆ ನಿಲ್ಲದೆ ದಾಟಿ ಆಚೆಯವನಿಗೆ ಬಗ್ಗಿಸಿದ. ನವ್ವಾಫನ ಕಿವಿ ಕೆಂಪಾಯಿತು. ಆದರೂ ಅವನು ಹೊರಡಲಿಲ್ಲ. ಎಲ್ಲರ ಕಾಫಿ ಮುಗಿಯುವ ತನಕ ಬರಿಗೈಯಲ್ಲಿ ಕೂತು, ಎಲ್ಲರಿಗೂ ಸಲಾಮು ಹೇಳಿ, ಎಲ್ಲರ ಜೊತೆಗೇ ಎದ್ದ.

ಮುಂದಿನ ಶುಕ್ರವಾರ ಬೆಳಗ್ಗೆ ಅವನು ಅದೇ ಕೋಟು ಹಾಕಿಕೊಳ್ಳುವುದನ್ನು ರಿಹಾಬ್ ಕಂಡಳು.

"ಇವತ್ತೂ ಹೋಗ್ಬೇಕಾ? ಎಲ್ಲರ ಮುಂದೆ ಮತ್ತೆ ದಾಟಿಸ್ತಾರೆ."

"ದಾಟಿಸಲಿ. ನಾನು ಹೋಗದೆ ಇದ್ರೆ ತಪ್ಪು ನಂದು ಅಂತಾಗತ್ತೆ. ಅದು ನಮ್ಮಜ್ಜ ಕಟ್ಟಿಸಿದ ಮನೆ. ಕಾಫಿ ಅವರದು, ಕೂರೋ ಜಾಗ ನಂದು. ನೀನು ಬರ್ತೀಯಾ?"

ಅವಳು ಬಂದಳು. ಗಂಡಸರ ಕೋಣೆಯಲ್ಲಿ ಅವನು ಬರಿಗೈಯಲ್ಲಿ ಕೂತ. ಹೆಂಗಸರ ಕೋಣೆಯಲ್ಲಿ ಅಬು ಸತ್ತಾಮ್‌ನ ಹೆಂಡತಿ ಉಮ್ಮು ಸತ್ತಾಮ್ ತಾನೇ ಕಾಫಿ ಬಗ್ಗಿಸಿ ರಿಹಾಬ್‌ಳ ಕೈಗೆ ಕೊಟ್ಟಳು. ಕೊಡುತ್ತ ದನಿ ತಗ್ಗಿಸಿದಳು: "ನೀನು ಕುಡಿ ಮಗಳೇ. ಗಂಡಸರ ಜಗಳ ಗಂಡಸರಿಗೆ."

ರಿಹಾಬ್ ಬಟ್ಟಲನ್ನು ನೆಲದ ಮೇಲಿಟ್ಟಳು.

ಆ ಕೋಣೆಯಲ್ಲಿ ಹೆಂಗಸರು ಹಾಗೆ ಬಟ್ಟಲು ಇಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಅದರ ಅರ್ಥ ಗೊತ್ತಿಲ್ಲದವರೂ ಅಲ್ಲಿ ಇರಲಿಲ್ಲ. ಉಮ್ಮು ಸತ್ತಾಮ್ ಒಮ್ಮೆ ಬಟ್ಟಲನ್ನು, ಒಮ್ಮೆ ಗಂಡಸರ ಕೋಣೆಯ ಬಾಗಿಲನ್ನು ನೋಡಿದಳು.

"ಅಯ್ಯೋ, ಇದೇನೇ ಇದು! ಏನು ಬೇಕು ನಿಂಗೆ? ಅವನಿಗೆ ಕಾಫಿ ಕೊಡಿಸ್ಬೇಕಾ? ನಿಂಗೆ ಆಡೋಕೆ ಅಪ್ಪಣೆ ಬೇಕಾ? ಕೇಳಿಬಿಡು ಮಾರಾಯ್ತಿ, ಆರೋಕೆ ಮುಂಚೆ. ನಾನು ಅವರ ಹತ್ರ ಮಾತಾಡ್ತೀನಿ."

"ಏನೂ ಬೇಡ ದೊಡ್ಡಮ್ಮ" ಎಂದಳು ರಿಹಾಬ್, ಕಾಲು ಚಾಚಿ ಗೋಡೆಗೆ ಆರಾಮಾಗಿ ಒರಗುತ್ತ. "ನಾನು ಏನನ್ನೂ ಕೇಳೋಕೆ ಬಂದಿಲ್ಲ. ಅವನಿಗಿಲ್ಲದ ಕಾಫಿ ನಂಗೂ ಬೇಡ, ಅಷ್ಟೆ. ಅದು ಆರಲಿ ಬಿಡಿ."