ಬಸ್ ಸ್ಟಾಪಿನ ಪಲುಸಾಮಿ

ಲೈಸಾನಿ ರೆಸಾರ್ಟಿನಲ್ಲಿ ತಟ್ಟೆ ತೊಳೆಯುವ ಕೆಲಸ ಬಿಟ್ಟು ಬಂದು ನಮ್ಮೂರ ಬಸ್ ಸ್ಟಾಪಿನಲ್ಲಿ ತಗಡಿನ ಅಂಗಡಿ ಹಾಕಿದಳು. ಅಡುಗೆ ಅವಳ ತಾಯಿ ಉನೈಸಿಯದು. ಕೆಸುವಿನೆಲೆಯಲ್ಲಿ ತೆಂಗಿನ ಹಾಲು ಕಟ್ಟಿ, ನೆಲದ ಕುಳಿಯ ಬಿಸಿಗಲ್ಲಿನ ಮೇಲೆ ಬೇಯಿಸುವ ಪಲುಸಾಮಿಯನ್ನು ಫಿಜಿಯಲ್ಲಿ ಯಾರು ಮಾಡುವುದಿಲ್ಲ? ಆದರೆ ಉನೈಸಿಗೆ ಅಜ್ಜಿಯಿಂದ ಬಂದ ಕೈಗುಣವಿತ್ತು. ಅದಕ್ಕೆ ಹಾಕುವ ಮೀನು ಹಿಡಿದು ಕೊಡುತ್ತಿದ್ದವನು ನಾನು.

ತೊಂದರೆಯಾದದ್ದು ಉನೈಸಿಯ ಬಾಯಿಂದ. ನಮ್ಮಲ್ಲಿ ಊಟದ ಮುಂದೆ ಕೂತವರು ದಾರಿಯಲ್ಲಿ ಹೋಗುವವರನ್ನು ಕರೆಯದೆ ಇರುವುದುಂಟೇ? ಅವಳು ಎಲ್ಲರನ್ನೂ ಕರೆದಳು.

“ವಿಲಿಕೇಸಾ, ಎಲ್ಲಿಗೋ ಓಡ್ತಿದೀಯ? ಬಾ, ಉಣ್ಣು!”

ಕರೆದ ಮೇಲೆ ಅದು ವ್ಯಾಪಾರವಲ್ಲ, ಊಟ. ನಾನು ಉಂಡೆ, ಬಾಯಿ ಒರೆಸಿಕೊಂಡೆ, ಹೊರಟೆ. ಊರಿಗೆ ಊರೇ ಹಾಗೆ ಮಾಡಿತು. ಬಸ್ಸಿನ ಜನ ಇಳಿಯುವ ಹೊತ್ತಿಗೆ ಕುಳಿ ಖಾಲಿ.

ಲೈಸಾನಿ ನನ್ನ ದೋಣಿಯ ಹತ್ತಿರ ಬಂದಳು. “ಮಾವ, ಹೀಗೇ ಆದ್ರೆ ನಾನು ಮತ್ತೆ ಆ ತಟ್ಟೆಗಳ ಮುಂದೇನೇ ನಿಲ್ಬೇಕು.”

“ನಿಮ್ಮಮ್ಮಂಗೆ ಬಾಯ್ ಮುಚ್ಕೊಂಡಿರು ಅನ್ನು.”

“ಅಂದೆ. ‘ನಾಯಿಗೂ ಬಾ ಅಂತೀವಿ, ಮನುಷ್ಯರಿಗೆ ಅನ್ನಬಾರ್ದಾ?’ ಅಂತ ಮಾತೇ ಬಿಟ್ಟಿದಾಳೆ.”

ಆ ಸಂಜೆ ಗಂಡಸರೆಲ್ಲ ಕೂತಾಗ ನಾನೇ ಉಪಾಯ ಹೇಳಿದೆ. ಕಣ್ಣಿಗೆ ಬಿದ್ದರೆ ತಾನೇ ಕರೆಯುವುದು? ಇನ್ನು ಮೇಲೆ ರಸ್ತೆ ಬೇಡ, ಕಡಲ ದಂಡೆಯಲ್ಲೇ ಓಡಾಡೋಣ. ಹೆಂಗಸರೂ ಒಪ್ಪಿದರು. ಮೀನನ್ನೂ ಮಗನ ಕೈಯಲ್ಲಿ ಕಳಿಸಿದೆ. ವ್ಯಾಪಾರ ಕುದುರಿತು. ಬಸ್ಸಿನವರು ಬೆಲೆ ಕೇಳಿದರು, ಲೈಸಾನಿ ಹೇಳಿದಳು, ಯಾರಿಗೂ ಮುಜುಗರವಿಲ್ಲ. ನಾನಂತೂ ದೊಡ್ಡ ಬುದ್ಧಿವಂತನಂತೆ ಬೀಗಿಕೊಂಡು ತಿರುಗಿದೆ.

ಒಮ್ಮೆ ಉಬ್ಬರದ ನೀರು ದಂಡೆಯನ್ನೆಲ್ಲ ನುಂಗಿತ್ತು. ವಿಧಿಯಿಲ್ಲದೆ ರಸ್ತೆಗೆ ಹತ್ತಿದೆ. ಉನೈಸಿ ನನ್ನನ್ನು ನೋಡಿದಳು. ‘ಈಗಷ್ಟೇ ಊಟ ಆಯ್ತು’ ಎನ್ನಲು ತಯಾರಾಗಿದ್ದೆ. ಅವಳು ಕರೆಯಲಿಲ್ಲ.

“ನನ್ನ ಅಡುಗೆ ಕೆಟ್ಟೋಗಿದ್ಯೇನೋ, ವಿಲಿಕೇಸಾ? ಊರೋರು ಯಾರೂ ಈ ಕಡೆ ತಲೆನೇ ಹಾಕಲ್ಲ. ನಿಜ ಹೇಳು” ಎಂದಳು.

ಅವಳ ಹಿಂದೆ ಲೈಸಾನಿ ಕುಳಿಯ ಮಣ್ಣು ಸರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನಿಜ ಹೇಳಿದರೆ ಉನೈಸಿ ನಾಳೆ ಕಡಲ ದಂಡೆಗೇ ಬಂದು ಕರೆಯುವವಳು.

“ಉಪ್ಪು ಸ್ವಲ್ಪ ಜಾಸ್ತಿ ಆಗ್ತಿದೆ, ಅಷ್ಟೆ” ಎಂದೆ. ಹೇಳಿದ ಕೂಡಲೇ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅವಳು ಒಂದು ಪೊಟ್ಟಣ ಬಿಚ್ಚಿ, ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ನುಂಗಲಿಲ್ಲ.

“ಹೌದು ಕಣೋ” ಎಂದಳು.