ಬುಧವಾರದ ದೋಣಿಯಲ್ಲಿ ಗಂಡನ ಜಾಗ

ಗಂಡ ತೀರಿಕೊಂಡ ಮೇಲಿನ ಮೊದಲ ಬೇಸಿಗೆಯಲ್ಲಿ, ಕನ್ನಡಕದಂಗಡಿಯಲ್ಲಿ ಗಾಜು ತಿಕ್ಕಿ ಅಳತೆಗೆ ತರುವ ಆ ಹೆಂಗಸು ಒಂದು ಬುಧವಾರ ಕೆಲಸ ಮುಗಿಸಿ, ಮನೆಯ ಹಾದಿ ಬಿಟ್ಟು ದೋಣಿಕಟ್ಟೆಯ ಕಡೆ ನಡೆದಳು. ಪ್ರತಿ ಬುಧವಾರ ಸಂಜೆ ಅಲ್ಲಿ ಹಾಯಿದೋಣಿಗಳ ಪಂದ್ಯ. ಬಹುಮಾನ ಗಿಹುಮಾನ ಏನಿಲ್ಲ. ದೋಣಿಯಿದ್ದವರು ದೋಣಿ ತರುತ್ತಾರೆ, ಹಗ್ಗ ಎಳೆಯುವ ಆಸೆಯಿದ್ದವರು ಬಂದು ಹತ್ತಿಕೊಳ್ಳುತ್ತಾರೆ. ಗಂಡ ವರ್ಷಗಟ್ಟಲೆ ಹಾಗೆ ಹತ್ತಿಕೊಂಡವನು. ಮನೆಯಲ್ಲಿ ಮಾತ್ರ ಬಾಯಿಗೆ ಬೀಗ. "ಊಟ?" ಅಂದರೆ "ಹೂಂ", "ಇನ್ನಷ್ಟು?" ಅಂದರೆ "ಊಹೂಂ"; ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಇಂಥವನಿಗೆ ನೀರಿನ ಮೇಲೆ ಏನು ಕಾಣುತ್ತಿತ್ತೋ ನೋಡಿಬರೋಣ ಎಂದು ಅವಳು ಹೊರಟಿದ್ದಳು.

ಗಂಡ ಹತ್ತುತ್ತಿದ್ದ ದೋಣಿಯ ಯಜಮಾನಿ ಒಬ್ಬ ಪಶುವೈದ್ಯೆ. ಜೊತೆಗೊಬ್ಬ ಬಸ್ ಡ್ರೈವರ್. ಬಂದವಳು ಯಾರ ಹೆಂಡತಿಯೆಂದು ತಿಳಿದದ್ದೇ ತಡ, ಡ್ರೈವರ್ ಕೈಹಿಡಿದು ಹತ್ತಿಸಿಕೊಂಡ.

"ಬನ್ನಿ ಅಕ್ಕಾ, ರೇಡಿಯೋ ಜಾಗದಲ್ಲಿ ಕೂತ್ಕೊಳ್ಳಿ."

"ಯಾವ ರೇಡಿಯೋ?"

"ನಿಮ್ಮನೆಯವ್ರೇ! ಬಾಯಿ ತೆಗೆದ್ರೆ ಮುಚ್ತಾನೇ ಇರ್ಲಿಲ್ವಲ್ಲ."

ತನ್ನನ್ನು ಬೇರೆ ಯಾರದೋ ಹೆಂಡತಿ ಎಂದುಕೊಂಡರೇನೋ ಅನ್ನಿಸಿತು ಅವಳಿಗೆ.

ಗಾಳಿ ಹಾಯಿಗೆ ತುಂಬಿಕೊಂಡು ದೋಣಿ ವಾಲಿತು. ವೈದ್ಯೆ "ತಲೆ!" ಎಂದು ಕೂಗಿದಾಗಲೆಲ್ಲ ಮೂವರೂ ಬಗ್ಗುವುದು, ಹಾಯಿಯ ಅಡ್ಡಮರ ತಲೆಯ ಮೇಲೆ ಬೀಸಿಕೊಂಡು ಹೋಗುವುದು, ಈ ಮಗ್ಗುಲಿಂದ ಆ ಮಗ್ಗುಲಿಗೆ ಎದ್ದುಬಿದ್ದು ಸರಿಯುವುದು. ನಡುನಡುವೆ ಡ್ರೈವರ್‌ನದು ಒಂದೇ ವರಸೆ: ರೇಡಿಯೋ ಹಾಗಂದಿದ್ದ, ರೇಡಿಯೋ ಹೀಗಂದಿದ್ದ.

"ಅಕ್ಕಾ, ನೀವೊಂದ್ಸಲ ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಚಪ್ಪಲಿ ಹಾಕ್ಕೊಂಡು ಮದುವೆಗೆ ಹೋಗಿದ್ರಂತೆ? ಯಾರೋ ಕೇಳಿದ್ದಕ್ಕೆ 'ಈಗ ಇದೇ ಫ್ಯಾಷನ್' ಅಂದ್ರಂತೆ? ಅದನ್ನ ಹೇಳಿ ಹೇಳಿ ನಗ್ತಿದ್ರು."

ಅದು ನಿಜ. ಆ ದಿನ ಗಂಡ ಪಕ್ಕದಲ್ಲೇ ನಿಂತಿದ್ದ. ತುಟಿ ಕೂಡ ಅಲುಗಿಸಿರಲಿಲ್ಲ. ಅವನು ಗಮನಿಸಿಯೇ ಇಲ್ಲ ಎಂದುಕೊಂಡಿದ್ದಳು.

"ಮನೇಲೂ ಹಿಂಗೇನಾ? ನಿಮ್ಮ ತಲೆ ತಿಂದುಬಿಡ್ತಿದ್ರೇನೋ!"

"ಅಯ್ಯೋ, ಕೇಳ್ಬೇಡಿ," ಅಂದಳು. "ಕಿವಿಗೆ ಹತ್ತಿ ಇಟ್ಕೊಳ್ಳೋದೊಂದು ಬಾಕಿ ಇತ್ತು."

ಅವರಿಬ್ಬರೂ ಬಿದ್ದು ಬಿದ್ದು ನಕ್ಕರು. ಅವಳು ಹಗ್ಗ ಎಳೆಯುವ ನೆಪದಲ್ಲಿ ಮುಖ ತಿರುಗಿಸಿದಳು. ಇದ್ದಬದ್ದ ಮಾತನ್ನೆಲ್ಲ ಇಲ್ಲೇ ಸುರಿದು ಬರುತ್ತಿದ್ದನೇ ಪುಣ್ಯಾತ್ಮ? ನನಗೊಂದಿಷ್ಟು ಉಳಿಸಬಾರದಿತ್ತೇ?

ಕೊನೆಯ ತಿರುವಿನಲ್ಲಿ, ಬಿಡಬೇಕಾದ ಹಗ್ಗವನ್ನು ಅವಳು ಬಿಗಿಹಿಡಿದೇ ಇದ್ದದ್ದರಿಂದ ದೋಣಿ ಗಾಳಿಗೆ ಮುಖ ಕೊಟ್ಟು ನಿಂತೇಬಿಟ್ಟಿತು. ಎಲ್ಲರಿಗಿಂತ ಕೊನೆಗೆ ದಡ ಮುಟ್ಟಿದರು. ಯಾರೂ ಗೊಣಗಲಿಲ್ಲ.

ಡ್ರೈವರ್ ಹೋದ ಮೇಲೆ ಹೆಂಗಸರಿಬ್ಬರೂ ಹಾಯಿಯ ಎರಡು ತುದಿ ಹಿಡಿದು ಮಡಿಸತೊಡಗಿದರು.

"ಡಾಕ್ಟ್ರೇ, ಆಗ ನಾನು ಹೇಳಿದ್ದು ಸುಳ್ಳು. ಮನೇಲಿ ಅವ್ರು ಮಾತೇ ಆಡ್ತಿರ್ಲಿಲ್ಲ."

ವೈದ್ಯೆಯ ಕೈ ನಿಂತಿತು.

"ಇಲ್ಲಿಗೆ ಬರೋರು ತುಂಬ ಜನ ಮನೇಲಿ ಹಂಗೇ," ಅಂದಳು. "ನಾನೂ ಅಷ್ಟೇ. ಮುಂದಿನ ವಾರ ಬರ್ತೀರಾ?"

"ಬರ್ತೀನಿ. ಅವ್ರು ಇನ್ನೇನೇನು ಹೇಳಿದ್ರೋ ಕೇಳ್ಬೇಕು."

ಮನೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಗಂಡನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅವನು ಸತ್ತಾಗ ಬಾರದಿದ್ದ ಅಳುವೂ ಅದರ ಹಿಂದೆಯೇ ಬಂತು. ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು, ಕಿಟಕಿಯ ಕಡೆ ತಿರುಗಿ, ತಡೆಯದೆ ಅತ್ತಳು.