ಮಡಚದ ಮೊಣಕಾಲು

ಬಲಗಾಲಿಗಿಬ್ಬರು, ಎಡಗಾಲಿಗಿಬ್ಬರು ಜೋತುಬಿದ್ದಿದ್ದರು. ಸಿದ್ದಮಲ್ಲಪ್ಪನ ಮೊಣಕಾಲು ಮಾತ್ರ ಜಪ್ಪಯ್ಯ ಅಂದರೂ ಮಡಚಲಿಲ್ಲ.

ಬೆಳಿಗ್ಗೆ ಅಂಬಲಿ ಕುಡಿದು ಜಗಲಿಯ ಕುರ್ಚಿಯಲ್ಲಿ ಕೂತವನು ಕೂತ ಹಾಗೇ ಪ್ರಾಣ ಬಿಟ್ಟಿದ್ದ. ಟವಲನ್ನು ಮುಖದ ಮೇಲೆ ಎಳೆದುಕೊಂಡು ತೂಕಡಿಸುವುದು ಅವನ ದಿನದ ಕಸುಬು. ಹಾಗಾಗಿ ದಾರಿಯಲ್ಲಿ ಹೋಗುವವರೆಲ್ಲ ಮಾತಾಡಿಸಿ, ಉತ್ತರ ಬಾರದ್ದಕ್ಕೆ 'ಎಷ್ಟು ಕೊಬ್ಬು ಇವನಿಗೆ' ಎಂದು ಬೈದುಕೊಂಡೇ ಹೋಗಿದ್ದರು. ಹೆಂಡತಿ ಚನ್ನಮಲ್ಲಮ್ಮ ಮಧ್ಯಾಹ್ನದ ಮುದ್ದೆಗೆ ಕರೆದಾಗಲೇ ಗೊತ್ತಾಗಿದ್ದು. ಅಷ್ಟರಲ್ಲಿ ಮೈ ಕುರ್ಚಿಯ ಆಕಾರದಲ್ಲೇ ಸೆಟೆದುಹೋಗಿತ್ತು. ಅವರ ಪೈಕಿಯಲ್ಲಿ ಹೆಣವನ್ನು ಮಲಗಿಸಿ ಹೂಳುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಬೇಕು.

"ಮಂಡಿ ಮೇಲೆ ಕೂತು ಅದುಮ್ರಲಾ! ಒತ್ತು ಮುಳುಗ್ತದೆ," ಎಂದು ಗುಮಟಾಪುರದಿಂದ ಬಂದಿದ್ದ ಸಿದ್ದಮಲ್ಲಪ್ಪನ ಅಣ್ಣ ವೃಷಭೇಂದ್ರ ಗದರಿದ.

"ಮೂಳೆ ಮುರಿದ್ರೆ?"

"ಮುರಿದ್ರೆ ಮುರೀಲಿ. ಅವ್ನೇನು ನಾಳಿಕ್ಕೆ ಒಲಕ್ಕೆ ಓದಾನಾ?"

"ಇದ್ದಾಗ್ಲೂ ಓಯ್ತಿರ್ನಿಲ್ಲ ಬುಡಿ," ಎಂದಿತು ಹಿಂದಿನಿಂದ ಒಂದು ದನಿ. ಸಾವಿನ ಮನೆ ಅನ್ನುವುದನ್ನೂ ಮರೆತು ನಾಲ್ಕು ಜನ ಟವಲಿನೊಳಗೆ ಕಿಸಕ್ಕೆಂದರು.

*

ಹದಿನೆಂಟು ವರ್ಷದ ಹಿಂದೆ ಚಿಕನ್‌ಗುನ್ಯ ಬಂದು ಊರಿಗೆ ಊರೇ ಮಲಗಿತ್ತು. ತಿಂಗಳೊಪ್ಪತ್ತಿನಲ್ಲಿ ಎಲ್ಲರೂ ಎದ್ದರು, ಸಿದ್ದಮಲ್ಲಪ್ಪ ಏಳಲಿಲ್ಲ. ಎದ್ದರೆ ಕೂರಲಾರ, ಕೂತರೆ ಏಳಲಾರ. "ಕೆಲವರಿಗೆ ಜ್ವರ ಬಿಟ್ಟರೂ ಕೀಲುನೋವು ವರ್ಷಾನುಗಟ್ಟಲೆ ಬಿಡಲ್ಲ," ಎಂದಿದ್ದರು ತಾಳವಾಡಿಯ ಡಾಕ್ಟರಮ್ಮ.

ಚನ್ನಮಲ್ಲಮ್ಮ ಅದನ್ನು ನಂಬಬೇಕಲ್ಲ! "ಆನೆ ತುಳಿದೋರೇ ಮೂರ್ ತಿಂಗಳಿಗೆ ಎದ್ದು ಓಡಾಡ್ತಾರೆ. ಇವ್ರಿಗೆ ಸೊಳ್ಳೆ ಕಚ್ಚಿದ್ದಕ್ಕೆ ಜಲ್ಮಪೂರ್ತಿ ಕುರ್ಚಿನಾ? ನಂಗೂ ಬಂದಿತ್ತು ಆ ಜರ. ನಾನೇನು ಕುರ್ಚಿ ಏರುದ್ನಾ? ಕಳ್ಳನೋವು ಕಣ!" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಅವನು ಹಲಸಿನ ಮರದಲ್ಲಿ ಕೈಯಿರುವ ಕುರ್ಚಿ ಮಾಡಿಸಿಕೊಂಡ. ಮದುವೆ ಮನೆಗೂ ಅದನ್ನು ಹೊರಿಸಿಕೊಂಡು ಹೋಗಿ, ಪಂಕ್ತಿಯೆಲ್ಲ ನೆಲದ ಮೇಲೆ ಉಣ್ಣುವಾಗ ತಾನೊಬ್ಬ ಮೇಲೆ ಕೂತು ತೊಡೆಯ ಮೇಲೆ ಎಲೆ ಇಟ್ಟುಕೊಳ್ಳುತ್ತಿದ್ದ. ಚನ್ನಮಲ್ಲಮ್ಮನಿಗೆ ಮಾನ ಹೋದಂತಾಗುತ್ತಿತ್ತು.

ಮಂಡಿಗೆ ಹಚ್ಚಲು ತರುವ ನೀಲಗಿರಿ ತೈಲ ಮಾತ್ರ ತಿಂಗಳಿಗೆ ಬರಬೇಕಾದದ್ದು ಹದಿನೈದೇ ದಿನಕ್ಕೆ ಮುಗಿಯುತ್ತಿತ್ತು. ಸಿದ್ದಮಲ್ಲಪ್ಪ ಯಾಕೆಂದು ಒಂದು ದಿನವೂ ಕೇಳಲಿಲ್ಲ. ಸುಮ್ಮನೆ ಎರಡು ಶೀಸೆ ತರಿಸತೊಡಗಿದ.

*

ಐದನೆಯವನೊಬ್ಬ ದಡಿಯ ಮುಂದೆ ಬಂದು, ಪಂಚೆ ಎತ್ತಿಕಟ್ಟಿ, ಮಂಡಿಯ ಮೇಲೆ ಭಾರ ಬಿಟ್ಟ.

"ಬುಡ್ರಲಾ! ಮುಟ್ಬ್ಯಾಡಿ! ನೋಯ್ತದೆ ಅವ್ರ್‌ಗೆ!"

ಕೂಗಿದವಳು ಚನ್ನಮಲ್ಲಮ್ಮ. ಗುಂಡಿ ತೋಡಿ ಬಂದು ಬಾಗಿಲಲ್ಲಿ ನಿಂತಿದ್ದ ಆಳು ಪುಟ್ಟಮಾದನಿಗೆ ತಡೆಯಲಾಗಲಿಲ್ಲ. "ಅದ್ನೆಂಟು ವರ್ಸ ಕಳ್ಳನೋವು ಅಂದ್ರಿ ಅಮ್ಮಾರೆ. ಈಗ್ ನೋಯ್ತದಾ?"

"ಊಂ ಕಣ. ಆಗ್ಲೂ ನೋಯ್ತಿತ್ತು. ನಂಗೊತ್ತಿತ್ತು," ಎಂದವಳೇ ಚನ್ನಮಲ್ಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿದಳು. ಗಂಡ ಸತ್ತಾಗಿನಿಂದ ಅವಳು ಅತ್ತಿದ್ದು ಅದೇ ಮೊದಲು. ಆಮೇಲೆ ಮೂಗು ಒರೆಸಿಕೊಂಡು, "ಆ ಕಾಲ ಮಡಚ್ಬ್ಯಾಡಿ. ಕುರ್ಚಿ ಸಮೇತ ಕೂರ್ಸಿ," ಎಂದಳು.

"ಊರು ನಗ್ತದೆ ಕಣವ್ವ!" ಎಂದ ವೃಷಭೇಂದ್ರ.

"ನಗ್ಲಿ ಬುಡಿ ಬಾವ. ನಾನೇ ಏಸು ವರ್ಸ ನಗ್ಸಿವ್ನಿ."

ಎಲ್ಲರೂ ಕ್ರಿಯೆ ಮಾಡಿಸಲು ಬಂದ ಅಯ್ಯನವರ ಮುಖ ನೋಡಿದರು. ಅಯ್ಯನವರು ಗಡ್ಡ ಕೆರೆದುಕೊಂಡು, "ಕೂರಿಸಬೇಕು ಅಂತ ಅದೆ. ನೆಲದ ಮೇಲೇ ಅಂತ ಎಲ್ಲದೆ? ಮಣ್ಣು ಮುಚ್ಚುದ್ ಮೇಲೆ ಎಲ್ಲಾ ನೆಲವೇಯ," ಎಂದರು.

"ಅಯ್ಯೋ ಬುದ್ದಿ, ನಾನು ಚಕ್ಕಳಮಕ್ಕಳದ ಅಳತೆಗೆ ತೋಡಿವ್ನಿ! ಕುರ್ಚಿ ಕಾಲ್ಗೆ ಇನ್ನೆಲ್ಡಡಿ ಬೇಕಲ್ಲ," ಎಂದು ಪುಟ್ಟಮಾದ ತಲೆ ಚಚ್ಚಿಕೊಂಡ. "ಇದ್ದಾಗ ಕುರ್ಚಿ ಒರಿಸ್ದ, ಸತ್ತ್ ಮೇಲೆ ಗುಂಡೀನೂ ಎಲ್ಡೆಲ್ಡ್ ಸಲ ತೋಡಿಸ್ದ ಪುಣ್ಯಾತ್ಮ," ಎಂದು ಗೊಣಗುತ್ತಾ ಹಾರೆ ಹೆಗಲಿಗೇರಿಸಿ ಹೊಲಕ್ಕೆ ನಡೆದ.

ಕುರ್ಚಿಗೆ ಎರಡು ಬಿದಿರು ಕಟ್ಟಿದ್ದೇ ಹೆಣ ಹೊರುವ ವಿಮಾನವಾಯಿತು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ಅಂಗೈಯಲ್ಲಿ ಲಿಂಗ. ಪಂಚಾಯ್ತಿ ಕಟ್ಟೆಗೆ ತೀರ್ಮಾನ ಹೇಳಲು ಹೊರಟವನಂತೆ ಸಿದ್ದಮಲ್ಲಪ್ಪ ಹೊರಟ. ಹೊಲದ ಬದುವಿನಲ್ಲಿ ಹಗ್ಗ ಹಾಕಿ ಮೆಲ್ಲಗೆ ಇಳಿಸಿದರು. "ನಿಧಾನ ಕಣ್ರಪ್ಪ," ಎಂದು ಚನ್ನಮಲ್ಲಮ್ಮ ಮೂರು ಸಲ ಹೇಳಿದಳು.

ಮಣ್ಣು ಮುಚ್ಚಿದ ಮೇಲೆ ಬಿಲ್ವಪತ್ರೆ ಇಡಲು ಬಗ್ಗಿ ಕೂತಳು. ನೀಲಗಿರಿ ತೈಲದ ವಾಸನೆ ಹೊಡೆಯುವ ಅವಳ ಮಂಡಿ ಲಟಕ್ಕೆಂದಿತು. ಏಳಲು ಹೋದರೆ ಆಗಲಿಲ್ಲ. ಅವಳ ಬಲಗೈ ತಾನಾಗಿ ಪಕ್ಕಕ್ಕೆ ಚಾಚಿ ಕುರ್ಚಿಯ ಕೈ ತಡಕಿತು. ಕುರ್ಚಿ ಮಣ್ಣಿನ ಕೆಳಗಿತ್ತು.

"ಏಳವ್ವ, ಅಯ್ನೋರು ನಿಂತವ್ರೆ," ಎಂದ ವೃಷಭೇಂದ್ರ.

ಚನ್ನಮಲ್ಲಮ್ಮ ಏಳಲಿಲ್ಲ. ಎಲ್ಲರೂ ನೋಡುತ್ತಿದ್ದಂತೆಯೇ ಎರಡೂ ಕಾಲನ್ನು ನೀಳವಾಗಿ ಮುಂದಕ್ಕೆ ಚಾಚಿ, ಹಸಿಮಣ್ಣಿನ ಗುಡ್ಡೆಗೆ ಒರಗಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.